ನಿಂತ ಮಗ್ಗದ ವಿವರಣೆ

ಬಣ್ಣದಕಟ್ಟಿಯ ನೇಕಾರರ ಓಣಿಯವರು ಈ ಕಥೆಯನ್ನು ಮಗ್ಗ ನಿಂತಿರುವಾಗ ಮಾತ್ರ ಹೇಳುತ್ತಾರೆ. ಓಡುವ ಮಗ್ಗದ ಮುಂದೆ ಕುಳಿತು ಯಾರಾದರೂ ಕೇಳಿದರೆ ಮಾತು ಬದಲಿಸುತ್ತಾರೆ, ಇಲ್ಲವೇ ಚಹಾ ತರಿಸುತ್ತಾರೆ. ಹೇಳುವವರಲ್ಲಿ ಹೆಂಗಸರೇ ಹೆಚ್ಚು. ಹೇಳುವ ಬಗೆ ಮನೆಯಿಂದ ಮನೆಗೆ ಅಷ್ಟಿಷ್ಟು ಬದಲಾಗುತ್ತದೆ. ಕಥೆಯ ಎರಡು ಕಡೆಗಳಲ್ಲಂತೂ ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಕೂಡುವುದಿಲ್ಲ. ಆದರೆ ಎಲ್ಲರ ಕಥೆಯೂ ಶುರುವಾಗುವುದು ಕರಣಿಕನಿಂದ, ಮುಗಿಯುವುದು ನೀಲವ್ವನಿಂದ.

ಕರಣಿಕನೆಂದರೆ ಮನುಷ್ಯನಲ್ಲ. ನೇಕಾರರ ಆರೋಗ್ಯ ನಿಧಿಯ ಹಣಕಾಸನ್ನು ನೋಡಿಕೊಳ್ಳಲು ತಂದಿದ್ದ ಒಂದು ಯಂತ್ರಬುದ್ಧಿ. ಹಿಂದೆ ಊರಿನ ಲೆಕ್ಕ ಬರೆಯುತ್ತಿದ್ದವನ ಹೆಸರನ್ನೇ ಓಣಿಯವರು ಅದಕ್ಕಿಟ್ಟು, ಅದನ್ನು ‘ಅವನು’ ಎಂದೇ ಕರೆಯತೊಡಗಿದ್ದರು. ಫೋನಿನಲ್ಲಿ ತಮ್ಮ ಮಾತಿನಲ್ಲಿ ಕೇಳಿದರೆ ಸಾಕು: ಉಳಿತಾಯ ಎಷ್ಟಿದೆ, ನೂಲಿನ ದರ ಏನಾಗಿದೆ, ಆಸ್ಪತ್ರೆಯ ಖರ್ಚಿಗೆ ನಿಧಿಯಿಂದ ಏನು ಸಿಕ್ಕೀತು. ಕರಣಿಕ ಹುಡುಕಿ ತಂದು ಹೇಳುತ್ತಿದ್ದ. ಯಾವ ಮನೆಗೆ ನೆರವು ಸಲ್ಲಬೇಕು, ಯಾವ ಮನೆಗೆ ನಿಲ್ಲಬೇಕು ಎಂಬುದನ್ನೂ ವಾರಕ್ಕೊಮ್ಮೆ ಅವನೇ ನೋಡುತ್ತಿದ್ದ.

ಹುಡುಕುವುದಕ್ಕೆ ಅವನಿಗೆ ಸಲಕರಣೆಗಳನ್ನು ಕೊಟ್ಟಿದ್ದರು. ಒಂದು ಸಲಕರಣೆ ಉಳಿತಾಯದ ಅಂಕಿಯನ್ನು ತರುತ್ತದೆ, ಇನ್ನೊಂದು ಪೇಟೆಯ ದರವನ್ನು, ಮತ್ತೊಂದು ಮನೆಯ ದುಡಿಮೆಯನ್ನು. ಯಾವುದನ್ನು ಯಾವಾಗ ಕೈಗೆತ್ತಿಕೊಳ್ಳಬೇಕು, ಅದು ತಂದ ಅಂಕಿಯನ್ನು ಹೇಗೆ ಓದಬೇಕು ಎಂಬುದು ಅವನಿಗೆ ತಾನಾಗಿ ತಿಳಿಯದು. ಅದಕ್ಕಾಗಿ ಪ್ರತಿ ಸಲಕರಣೆಯ ಜೊತೆಗೂ ನಾಲ್ಕಾರು ಸಾಲಿನ ಒಂದು ವಿವರಣೆ ಇರುತ್ತಿತ್ತು. ಕರಣಿಕ ಮಗ್ಗವನ್ನು ಕಂಡವನಲ್ಲ, ಓಣಿಯವರು ನೇಯುವ ಖಣದ ಬಟ್ಟೆಯನ್ನು ಮುಟ್ಟಿದವನಲ್ಲ. ಆ ಸಾಲುಗಳಲ್ಲಿ ಇದ್ದದ್ದು ಅವನ ಪಾಲಿಗೆ ಇತ್ತು. ಇಲ್ಲದ್ದು ಈ ಲೋಕದಲ್ಲೇ ಇರಲಿಲ್ಲ.

ಆ ಸಾಲುಗಳನ್ನು ಬರೆಯುವುದು ಬನಶಂಕರಿಯ ಕೆಲಸವಾಗಿತ್ತು.

ಅವಳು ಓಣಿಯ ಮಗಳು. ತಾಯಿಯಿಲ್ಲದ ಕೂಸನ್ನು ಸೋದರಮಾವ ತಿಪ್ಪಣ್ಣ ಮತ್ತು ಅವನ ಹೆಂಡತಿ ನೀಲವ್ವ ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ಪಕ್ಕದಲ್ಲೇ ತೊಟ್ಟಿಲು ಕಟ್ಟಿ ಬೆಳೆಸಿದ್ದರು. ಲಾಳಿಯ ಸಪ್ಪಳ ನಿಂತರೆ ಎಚ್ಚರವಾಗಿ ಅಳುತ್ತಿದ್ದಳಂತೆ. ಮುಂದೆ ಜಿಲ್ಲಾ ಊರಿಗೆ ಹೋಗಿ ಅಂಕಿಸಂಖ್ಯೆ ಓದಿ ಬಂದಳು. ನಿಧಿಯ ಹಿರಿಯರು ಹೊರಗಿನ ಯಾರನ್ನೂ ಕರೆಯದೆ ಅವಳನ್ನೇ ಆರಿಸಿದ್ದಕ್ಕೆ ಕಾರಣವಿತ್ತು: ಓಣಿಯವಳಾದರೆ ಓಣಿಯ ಸಂಗತಿಗಳನ್ನು ತಪ್ಪಿಲ್ಲದೆ ಬರೆದಾಳು ಎಂದು. ಆ ಕಾರಣದಲ್ಲಿ ಯಾರಿಗೂ ಅಂದು ಕೊರತೆ ಕಾಣಲಿಲ್ಲ.

ಕೆಲಸದ ಕೋಣೆಯನ್ನು ಹಳೆಯ ಬಣ್ಣದ ಮನೆಯಲ್ಲಿ ಮಾಡಿದ್ದರು. ನೂಲಿಗೆ ಹಾಕುವ ನೀಲಿ ಕಲಸುತ್ತಿದ್ದ ದೊಡ್ಡ ಮಣ್ಣಿನ ಹರವಿಗಳು ನೆಲದಲ್ಲಿ ಹೂತು ಹಾಗೆಯೇ ಇದ್ದವು. ಅವುಗಳ ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ, ಮೇಲೆ ಮೇಜು ಹಾಕಿ, ಮೇಜಿನ ಮೇಲೆ ಪರದೆಗಳನ್ನಿಟ್ಟಿದ್ದರು. ಕೋಣೆಯ ಮುಖ್ಯಸ್ಥೆ ವಸುಂಧರಾ ಮೈಸೂರಿನ ಕಡೆಯವರು. ಮೆಲುಮಾತಿನ, ಎಲ್ಲವನ್ನೂ ಎರಡು ಸಲ ಕೇಳುವ ಹೆಂಗಸು.

ಮೊದಮೊದಲು ಬನಶಂಕರಿಯ ವಿವರಣೆಗಳು ಚಿಕ್ಕವಿದ್ದವು. ಒಂದು ಸಲಕರಣೆಗೆ ‘ರೇಷ್ಮೆಯ ದರ ತಿಳಿಸುತ್ತದೆ’ ಎಂದಷ್ಟೇ ಬರೆದಿದ್ದಳು. ಮಾವ ತಿಪ್ಪಣ್ಣ ಖಣಕ್ಕೆ ಬೇಕಾದ ರೇಷ್ಮೆನೂಲಿನ ದರ ಕೇಳಿದ. ಕರಣಿಕ ಎಲ್ಲಿಯದೋ ದೂರದ ಸಂತೆಯ ಹಸಿ ಗೂಡಿನ ದರವನ್ನು, ಅದೂ ಹೋದ ವರ್ಷದ್ದನ್ನು, ಬಹಳ ವಿನಯದಿಂದ ಓದಿ ಹೇಳಿದ.

“ನಿನ್ನ ಕರಣಿಕನ್ನ ಹೆಣ್ಣು ನೋಡಾಕ ಕಳಿಸಿದ್ರ ಎಮ್ಮಿ ರೇಟು ಕೇಳ್ಕೊಂಡ ಬರ್ತಾನ ನೋಡವಾ,” ಎಂದ ತಿಪ್ಪಣ್ಣ.

“ಹೆಣ್ಣು ಯಾವ್ದು ಎಮ್ಮಿ ಯಾವ್ದು ಅಂತ ನಾನ ಬರದಿಲ್ಲ ಮಾವಾ. ತಪ್ಪು ಅಂವಂದಲ್ಲ,” ಎಂದಳು ಬನಶಂಕರಿ.

ಅಂದಿನಿಂದ ಅವಳು ಒಂದು ಪರಿಪಾಠ ಇಟ್ಟುಕೊಂಡಳು. ಬರೆದ ವಿವರಣೆಯನ್ನು ಕರಣಿಕನಿಗೆ ಕೊಡುವ ಮೊದಲು ಸಂಜೆ ಮಾವನ ಮನೆಗೆ ಹೋಗಿ ಓದುವುದು. ತಿಪ್ಪಣ್ಣ ಮಗ್ಗದ ಪಕ್ಕದ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕರಣಿಕನಾಗುತ್ತಿದ್ದ. ನೀಲವ್ವ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ, ಮನೆಯವರು ಕೇಳುವಂಥ ಪ್ರಶ್ನೆಗಳನ್ನು ಕೇಳುತ್ತಿದ್ದಳು. ಓದಿದ ಸಾಲುಗಳನ್ನು ಬಿಟ್ಟು ಬೇರೇನೂ ತಿಳಿಯದವನಂತೆ ಅವನು ಉತ್ತರ ಕೊಡಬೇಕು. ಪುಸ್ತಕದ ಭಾಷೆಯಲ್ಲಿ, ಗಂಟಲು ದಪ್ಪ ಮಾಡಿ, ‘ತಾವು ಕೇಳಿದ್ದನ್ನು ತಂದಿದ್ದೇನೆ ತಾಯೀ’ ಎಂದು ಅವನು ಶುರುಮಾಡಿದರೆ ನೀಲವ್ವ ಕಂಡಿಕೆ ಕೈಬಿಟ್ಟು ನಗುತ್ತಿದ್ದಳು. ಯಾವ ಸಾಲು ಎರಡು ದಾರಿ ತೋರಿಸುತ್ತದೋ ಅಲ್ಲಿ ಅವನು ಬೇಕೆಂದೇ ತಪ್ಪು ದಾರಿ ಹಿಡಿಯುತ್ತಿದ್ದ. ಬನಶಂಕರಿ ತಿದ್ದುತ್ತಿದ್ದಳು: ಯಾವ ಊರಿನ ದರ, ಯಾವ ದಿನದ್ದು, ಕಿಲೋಗೋ ಕಟ್ಟಿಗೋ, ಎಲ್ಲಿ ಇದನ್ನು ಬಳಸಬಾರದು. ಹೀಗೆ ಅವಳ ವಿವರಣೆಗಳು ಊರೂರಿಗೆ ಹೆಸರಾದವು. ಬೇರೆ ನಿಧಿಗಳವರು ಬಂದು ಓದಿಕೊಂಡು ಹೋಗುತ್ತಿದ್ದರು.

ಆಟದ ನಡುವೆ ತಿಪ್ಪಣ್ಣ ನಿಲ್ಲಬೇಕಾಗುತ್ತಿತ್ತು. ಬಾಲ್ಯದಿಂದ ಕುಣಿಯೊಳಗೆ ಕುಳಿತು ನುಂಗಿದ ನೂಲಿನ ಧೂಳು ಅವನ ಪುಪ್ಪುಸವನ್ನು ತುಂಬಿತ್ತು. ಅವನು ನೇಯುವುದನ್ನು ಬಿಟ್ಟು ಬಹಳ ದಿನವಾಗಿತ್ತು; ಮಗ್ಗಕ್ಕೆ ಈಗ ನೀಲವ್ವ ಕೂರುತ್ತಿದ್ದಳು. ಅವನ ಪಕ್ಕದಲ್ಲಿ ಆಮ್ಲಜನಕದ ಸಿಲಿಂಡರ್ ಇರುತ್ತಿತ್ತು, ಮೂಗಿಗೆ ನಳಿಗೆ. ಖಾಲಿಯಾದದ್ದನ್ನು ಒಯ್ದು ತುಂಬಿದ್ದನ್ನು ಇಟ್ಟುಹೋಗಲು ನಿಧಿಯ ಗಾಡಿ ತಪ್ಪದೆ ಬರುತ್ತಿತ್ತು. ಮಗ್ಗ ಓಡುವ ಮನೆಗೆ ಆ ನೆರವು ನಿಧಿಯ ಮೊದಲ ನಿಯಮವಾಗಿತ್ತು. ಕಸುಬು ಬಿಟ್ಟವರು ಬೇರೆ ಇಲಾಖೆಯ ಬಾಗಿಲಿಗೆ ಹೋಗಬೇಕು.

ಆ ಗಾಡಿಯ ಸೌಲಭ್ಯಕ್ಕೆ ಹೆಸರು ಕೊಡುವ ದಿನ ಕರಣಿಕ ನೀಲವ್ವನಿಗೆ ರೋಗಿಯ ಹೆಸರು ಕೇಳಿದ್ದ. ಗಂಡನ ಹೆಸರನ್ನು ಬಾಯಲ್ಲಿ ಆಡುವ ರೂಢಿ ಓಣಿಯ ಆ ತಲೆಮಾರಿನ ಹೆಂಗಸರಲ್ಲಿಲ್ಲ. ನೀಲವ್ವ ಸೆರಗನ್ನು ಬಾಯಿಗೊತ್ತಿಕೊಂಡು ಫೋನನ್ನು ಬನಶಂಕರಿಯ ಕೈಗೆ ತುರುಕಿ, “ನಿಮ್ಮ ಮಾವನ ಹೆಸರ ನೀನ ಹೇಳ್ಕೋವಾ,” ಎಂದಿದ್ದಳು. ತಿಪ್ಪಣ್ಣ ಉಸಿರು ಕಟ್ಟುವಷ್ಟು ನಕ್ಕಿದ್ದ.

ಮನೆಯ ದುಡಿಮೆ ತಿಳಿಸುವ ಸಲಕರಣೆಯ ವಿವರಣೆಯನ್ನು ಬನಶಂಕರಿ ಎಲ್ಲಕ್ಕಿಂತ ಹೆಚ್ಚು ಜತನದಿಂದ ಬರೆದಳು. ಮಗ್ಗದ ಚೌಕಟ್ಟಿಗೆ ಕಟ್ಟಿದ ಗುಲಗಂಜಿಯಷ್ಟು ಚಿಕ್ಕ ಎಣಿಕೆಯ ಮಣಿ ಲಾಳಿಯ ಓಟವನ್ನು ಎಣಿಸುತ್ತದೆ. ಅದನ್ನು ಕೂಲಿದರದಿಂದ ಗುಣಿಸಿದರೆ ಆ ವಾರದ ದುಡಿಮೆ. ಇದು ಕೈಗೆ ಬಂದ ಹಣವಲ್ಲ. ಉಳಿತಾಯ ತಿಳಿಯಲು ಇದನ್ನು ಬಳಸಬಾರದು. ಸೊನ್ನೆ ಬಂದರೆ ಆ ವಾರ ಮಗ್ಗ ಓಡಿಲ್ಲವೆಂದು ತಿಳಿಯಬೇಕು.

ವಸುಂಧರಾ ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟಿದ್ದರು. “ಓಡಿಲ್ಲ ಅಂದ್ರೆ ಯಾಕೆ ಅಂತ ಅದಕ್ಕೆ ಗೊತ್ತಾಗೋದು ಬೇಡ್ವಾ, ಬನಶಂಕರಿ?”

“ಮಗ್ಗ ಸುಮ್ಮ ಸುಮ್ಮನ ಯಾಕ ನಿಂದರ್ತಾವ್ರೀ ಮೇಡಂ,” ಎಂದು ಬನಶಂಕರಿ ನಕ್ಕಳು.

ಮಗ್ಗ ನಿಲ್ಲುವುದೇ ಇಲ್ಲ ಎಂದು ವಸುಂಧರಾ ಆ ಮಾತನ್ನು ತಿಳಿದರು. ಮುಂದಿನ ಸಲಕರಣೆಗೆ ಹೋದರು. ಬನಶಂಕರಿ ಹೇಳಿದ್ದು ಅದಲ್ಲ. ಆ ಓಣಿಯಲ್ಲಿ ಮಗ್ಗ ನಿಲ್ಲುವುದು ಒಂದಕ್ಕೇ. ಮದುವೆಯಿರಲಿ, ಮಳೆಯಿರಲಿ, ಒಂದು ಹೊತ್ತಾದರೂ ಲಾಳಿ ಓಡುತ್ತದೆ. ಸಾವಾದರೆ ಮಾತ್ರ ಓಣಿಗೆ ಓಣಿಯೇ ನಿಲ್ಲುತ್ತದೆ. ಅಲ್ಲಿ ಎಲ್ಲರೂ ಒಬ್ಬರಿಗೊಬ್ಬರು ನಂಟರಾದ್ದರಿಂದ ಸೂತಕವೂ ಎಲ್ಲರದು. ದಿನಗಳು ಮುಗಿದು, ಸತ್ತವರ ಮನೆಯ ಹಿರಿಯಳು ಬಂದು ಮಗ್ಗಕ್ಕೆ ಉದ್ದಕ್ಕೆ ಬಿಗಿದ ಹಾಸುನೂಲಿನ ಮೇಲೆ ಅರಿಶಿನದ ನೀರು ಚಿಮುಕಿಸುವವರೆಗೆ ಯಾರೂ ಕುಣಿಗೆ ಇಳಿಯುವುದಿಲ್ಲ. ಇದನ್ನು ಬನಶಂಕರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉಸಿರಾಡುವುದನ್ನು ಕಲಿಸಿಕೊಡುವವರಿಲ್ಲ, ಹಾಗೆ ಅವಳಿಗೆ ಅದು ಬಂದಿತ್ತು. ಬರೆಯಬೇಕಾದ ಸಂಗತಿಯೆಂದು ಅದು ಅವಳ ಮನಸ್ಸಿಗೆ ಹೊಳೆಯಲೇ ಇಲ್ಲ. ಹೊರಗಿನವಳಾಗಿದ್ದರೆ ಕೇಳಿ ಬರೆಯುತ್ತಿದ್ದಳೇನೋ.

ಆ ಸಂಜೆ ಅದನ್ನೂ ಮಾವನ ಮುಂದೆ ಓದಿದಳು. ತಿಪ್ಪಣ್ಣ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ತಪ್ಪು ದಾರಿ ಹುಡುಕಿದ, ಸಿಗಲಿಲ್ಲ. “ಇದಕ್ಕೇನೂ ಕಡಿಮಿ ಇಲ್ಲವಾ ಮಗಳ,” ಎಂದ.

ಕರಣಿಕ ಬಂದ ಮೊದಲ ವರ್ಷ ಓಣಿಯಲ್ಲಿ ಒಂದೂ ಸಾವಾಗಲಿಲ್ಲ. ಅದನ್ನು ಎಲ್ಲರೂ ಪುಣ್ಯವೆಂದೇ ಎಣಿಸಿದ್ದರು. ಎರಡನೆಯ ವರ್ಷದ ಚಳಿಗಾಲದಲ್ಲಿ, ಓಣಿಯ ಅತ್ಯಂತ ಹಿರಿಯಳಾದ ಸಾಂತವ್ವ ಊಟ ಮಾಡಿ ಕೈತೊಳೆದು ಕಟ್ಟೆಯ ಮೇಲೆ ಕುಳಿತವಳು ಹಾಗೆಯೇ ಕಣ್ಣು ಮುಚ್ಚಿದಳು. ಸುದ್ದಿ ಯಾರೂ ಹೇಳಿ ಕಳಿಸಲಿಲ್ಲ. ಒಂದು ಮನೆಯಲ್ಲಿ ಲಾಳಿ ನಿಂತಿತು, ಆ ಮೌನ ಕೇಳಿಸಿ ಪಕ್ಕದ ಮನೆಯಲ್ಲಿ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಗುಬ್ಬಿಗಳ ಸದ್ದು ಮಾತ್ರ ಉಳಿಯಿತು.

ಬನಶಂಕರಿ ಕೆಲಸ ನಿಲ್ಲಿಸಿ ಎದ್ದು ಬಂದಳು. ಸೂತಕದವರು ಬಣ್ಣದ ಮನೆಗೆ ಕಾಲಿಡಬಾರದು, ಕಾಲಿಟ್ಟರೆ ಹರವಿಯ ನೀಲಿ ಕೆಡುತ್ತದೆ ಎಂಬುದು ಬಣ್ಣಗಾರರ ಕಾಲದ ಕಟ್ಟಳೆ. ನೀಲಿ ಒಣಗಿ ಎರಡು ತಲೆಮಾರು ಕಳೆದಿದ್ದವು. ಕಟ್ಟಳೆ ಉಳಿದಿತ್ತು. ಹೀಗಾಗಿ ಆ ದಿನಗಳಲ್ಲಿ, ಪರದೆಯ ಮೇಲೆ ಓಣಿಯ ಅಂಕಿಗಳೆಲ್ಲ ಒಂದೊಂದಾಗಿ ಸೊನ್ನೆಯಾಗುವುದನ್ನು ಕಂಡರೆ ಅದೇನೆಂದು ಕೂಡಲೇ ಅರಿಯಬಲ್ಲವಳೊಬ್ಬಳೇ ಅಲ್ಲಿರಲಿಲ್ಲ.

ಕರಣಿಕ ತನ್ನ ವಾರದ ಲೆಕ್ಕಕ್ಕೆ ಕೂತ. ದುಡಿಮೆಯ ಸಲಕರಣೆಯನ್ನು ಕೈಗೆತ್ತಿಕೊಂಡ, ವಿವರಣೆಯನ್ನು ಓದಿದ. ಅದು ತಪ್ಪು ದಾರಿಯೇ ಇಲ್ಲದ ವಿವರಣೆ. ಸೊನ್ನೆ, ಎಂದರೆ ಮಗ್ಗ ಓಡಿಲ್ಲ. ಓಡದ ಮಗ್ಗವೆಂದರೆ ಬಿಟ್ಟ ಕಸುಬು. ಆ ಓಣಿಯ ಮನೆಗಳೆಲ್ಲ ಕಸುಬು ಬಿಟ್ಟಿವೆ ಎಂದು ಬರೆದಿಟ್ಟು, ನಿಯಮದಂತೆ ನೆರವನ್ನು ತಡೆದ.

ವಸುಂಧರಾ ಆ ಸಾಲನ್ನು ಓದಿದ್ದರು. ಆಮೇಲೆ ಅವರೇ ಅದನ್ನು ಬನಶಂಕರಿಯ ಮುಂದೆ ಹೇಳಿಕೊಂಡರು. ಅವರಿಗೆ ದುಃಖವಾಗಿತ್ತು, ಆಶ್ಚರ್ಯವಾಗಿರಲಿಲ್ಲ. ಕೈಮಗ್ಗದ ಕೇರಿಗಳು ಹೀಗೆಯೇ ಒಂದು ದಿನ ಸದ್ದಿಲ್ಲದೆ ಮುಗಿಯುತ್ತವೆ ಎಂದು ಅವರು ಓದಿದ್ದರು, ಕೆಲವನ್ನು ಕಂಡೂ ಇದ್ದರು. ಇದರ ಸರದಿಯೂ ಬಂತೆಂದುಕೊಂಡರು. ಬನಶಂಕರಿ ಕೆಲಸಕ್ಕೆ ಬಾರದ್ದೂ ಆ ಸಂಕಟದಿಂದಲೇ ಇರಬೇಕೆಂದು, ಫೋನ್ ಮಾಡಿ ನೋಯಿಸುವುದು ಬೇಡವೆಂದು, ಸುಮ್ಮನಿದ್ದುಬಿಟ್ಟರು.

ಓಣಿಯಲ್ಲಿ ಗಾಡಿ ಬರಲಿಲ್ಲವೆಂದು ಯಾರೂ ಗಾಬರಿಯಾಗಲಿಲ್ಲ. ಗಾಡಿ ಹೊಡೆಯುವವನೂ ಓಣಿಯ ನಂಟನೇ. ಸೂತಕ ಕಳೆಯಲಿ, ಬರುತ್ತಾನೆ ಎಂದರು. ಕರಣಿಕ ಕಳಿಸಿದ ಸಂದೇಶವನ್ನು ಯಾರೂ ಕೇಳಲಿಲ್ಲ. ಸಾವಿನ ಮನೆಗಳಲ್ಲಿ ಫೋನುಗಳು ಮೂಲೆ ಸೇರಿದ್ದವು. ಸಿಲಿಂಡರಿನ ಮುಳ್ಳು ಕೆಳಗಿಳಿಯುವುದನ್ನು ತಿಪ್ಪಣ್ಣ ನೋಡುತ್ತಲೇ ಇದ್ದ. ನಳಿಗೆಯನ್ನು ಆಗಾಗ ತೆಗೆದಿಟ್ಟು, ಇಂದು ಉಸಿರು ಹಗುರವಾಗಿದೆ ಎನ್ನುತ್ತಿದ್ದ. ಮುಳ್ಳು ಕೆಂಪಿಗೆ ತಾಗಿದ ಮಧ್ಯಾಹ್ನ ನೀಲವ್ವ ಫೋನು ಹುಡುಕಿ ಬಂದಿದ್ದ ಸಂದೇಶವನ್ನು ಕೇಳಲು ಹಾಕಿದಳು. ‘ನಿಮ್ಮ ಮನೆಯು ಕಸುಬನ್ನು ಬಿಟ್ಟಿರುವುದಾಗಿ ತಿಳಿದುಬಂದಿದೆ’ ಎಂದು ಕರಣಿಕ ವಿನಯದಿಂದ ಹೇಳಿದ. ತಿಪ್ಪಣ್ಣ ಗೋಡೆಗೆ ತೂಗುಹಾಕಿದ್ದ ತನ್ನ ತಂದೆಯ ಲಾಳಿಯ ಕಡೆಗೆ ನೋಡಿದನಂತೆ.

ನೀಲವ್ವ ಮಗ್ಗದ ಕಡೆಗೆ ಎದ್ದಳು. “ನಾಕ ಸಲ ಲಾಳಿ ಒಗದ್ರ ಆ ಮಣಿ ಎಣಸ್ತೈತಿ. ಬಾಗಲಾ ಹಾಕ್ಕೋತೀನಿ. ಯಾರಿಗೂ ಕೇಳಿಸೂದಿಲ್ಲ.”

“ಸಾಂತವ್ವತ್ತಿ ಕಟ್ಟಿ ಮ್ಯಾಲಿನ ದೀಪ ಇನ್ನಾ ಆರಿಲ್ಲ,” ಎಂದ ತಿಪ್ಪಣ್ಣ, ಒಂದೊಂದೇ ಮಾತಿಗೆ ನಿಂತು. “ನಂದೊಂದು ಉಸರಿನ ಸಲುವಾಗಿ ಆಕೀ ಮುಂದ ಲಾಳಿ ಸಪ್ಪಳ ಬ್ಯಾಡ.”

ಇಲ್ಲಿ ಕಥೆ ಕವಲೊಡೆಯುತ್ತದೆ. ನೀಲವ್ವ ಅವನ ಮಾತಿಗೆ ಕಟ್ಟುಬಿದ್ದು ನಿಂತಲ್ಲೇ ನಿಂತಳೆಂದು ಓಣಿಯ ಮೇಲಿನ ತುದಿಯವರು ಹೇಳುತ್ತಾರೆ. ಕೆಳಗಿನ ತುದಿಯವರ ಪ್ರಕಾರ ಅವಳು ಕುಣಿಗಿಳಿದು, ಲಾಳಿಯನ್ನು ಕೈಯಲ್ಲಿ ಹಿಡಿದು, ಹಾಸಿನೊಳಕ್ಕೆ ಒಗೆಯಲಾರದೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಮಣಿ ಏನನ್ನೂ ಎಣಿಸಲಿಲ್ಲ ಎಂಬುದನ್ನು ಇಬ್ಬರೂ ಒಪ್ಪುತ್ತಾರೆ.

ಕರೆ ಹೋಗಿ ಬನಶಂಕರಿ ಓಡಿಬಂದಳು. ಸಂದೇಶವನ್ನು ಕೇಳಿದಳು. ಬಿಟ್ಟುಹೋದ ಸಾಲು ಯಾವುದೆಂದು ಅವಳಿಗೆ ಆ ಕ್ಷಣವೇ ಗೊತ್ತಾಯಿತು. ವಸುಂಧರಾಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದಳು. ವಸುಂಧರಾ ತಡಬಡಿಸಿ ಹೇಳಿದ್ದು ಇಷ್ಟು: ಉಗ್ರಾಣದವರು ಕರಣಿಕನ ಅಪ್ಪಣೆಯಿಲ್ಲದೆ ಸಿಲಿಂಡರ್ ಬಿಡುವುದಿಲ್ಲ, ವಿವರಣೆ ಬದಲಾಗದೆ ಕರಣಿಕನ ತೀರ್ಮಾನ ಬದಲಾಗುವುದಿಲ್ಲ, ವಿವರಣೆಯನ್ನು ತಿದ್ದಲು ಕೋಣೆಯ ಯಂತ್ರದ ಮೇಲೆ ಬರೆದವಳ ಕೈಗುರುತೇ ಬೇಕು. ನಾನು ಉಗ್ರಾಣಕ್ಕೆ ಹೊರಟಿದ್ದೇನೆ, ನೀವು ಬಣ್ಣದ ಮನೆಗೆ ಬನ್ನಿ ಎಂದರು. ಆಸ್ಪತ್ರೆಗೆ ಒಯ್ಯಲು ಓಣಿಯವರು ಗಾಡಿ ತರಲು ಓಡಿದ್ದರು.

ಬನಶಂಕರಿ ಮಾವನ ಕಾಲ ಬಳಿ ಕುಸಿದಿದ್ದಳು. ನಾನು ಬರೆಯಲಿಲ್ಲ, ನಾನು ಬರೆಯಲಿಲ್ಲ ಎಂಬ ಒಂದೇ ಮಾತು. ತಿಪ್ಪಣ್ಣ ಅವಳ ತಲೆಯ ಮೇಲೆ ಕೈಯಿಟ್ಟ.

“ನಾನೂ ಕೇಳಿದ್ನೆಲ್ಲವಾ. ಕಣ್ಣು ಮುಚ್ಕೊಂಡ ಕೇಳಿದ್ದೆ. ಕಡಿಮಿ ಇಲ್ಲ ಅಂತ ನಾನ ಅಂದಿದ್ದೆ.” ಉಸಿರು ಎಳೆದುಕೊಂಡು, “ಹೋಗು. ಬರದ ಬಾ,” ಎಂದ.

ಬಣ್ಣದ ಮನೆಯ ಹೊಸ್ತಿಲಲ್ಲಿ ಅವಳ ಕಾಲು ಒಮ್ಮೆ ತಡೆಯಿತು. ಸೂತಕದ ಮೈಯಲ್ಲೇ ದಾಟಿದಳು. ಚಪ್ಪಡಿಗಳ ಕೆಳಗೆ ಕೆಡುವುದಕ್ಕೆ ಯಾವ ನೀಲಿಯೂ ಉಳಿದಿರಲಿಲ್ಲ. ವಿವರಣೆಯ ಕೊನೆಗೆ ಅವಳು ಸೇರಿಸಿದ ಸಾಲುಗಳನ್ನು ಓಣಿಯ ಹೆಂಗಸರು ಇಂದಿಗೂ ಬಾಯಿಪಾಠ ಹೇಳುತ್ತಾರೆ:

‘ಸೊನ್ನೆ ಬಂದರೆ ಕಸುಬು ಬಿಟ್ಟರೆಂದು ತಿಳಿಯಬಾರದು. ಈ ಓಣಿಯಲ್ಲಿ ಮಗ್ಗ ನಿಲ್ಲುವುದು ಸಾವಿಗೆ. ಯಾವ ತೀರ್ಮಾನಕ್ಕೂ ಮೊದಲು ಆ ಮನೆಯವರನ್ನು ಮಾತನಾಡಿಸಬೇಕು. ತೀರಿಕೊಂಡವರು ಯಾರೆಂದು ಹೆಸರು ಕೇಳಬೇಕು. ದಿನಗಳು ಮುಗಿಯುವವರೆಗೆ ನೆರವನ್ನು ನಿಲ್ಲಿಸಬಾರದು.’

ಕರಣಿಕ ಓದಿದ. ಒಡನೆಯೇ ಒಪ್ಪಿದ. ಅವನಲ್ಲಿ ಹಟವೆಂಬುದು ಎಂದೂ ಇರಲಿಲ್ಲ.

ಸಿಲಿಂಡರ್ ಮೊದಲು ಬಂತೆಂದು ಕೆಲವರು, ಆಸ್ಪತ್ರೆಯ ಗಾಡಿ ಮೊದಲು ಬಂತೆಂದು ಕೆಲವರು ಹೇಳುತ್ತಾರೆ. ಎರಡೂ ಬಂದವು, ಎರಡೂ ತಡವಾಗಿ ಬಂದವು. ಬನಶಂಕರಿ ತಿರುಗಿ ಬಂದಾಗ ನೀಲವ್ವ ನಳಿಗೆಯನ್ನು ಮಡಚಿ, ಕಂಡಿಕೆಗೆ ಸುತ್ತುವ ನೂಲಿನಂತೆ ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು. ವಸುಂಧರಾ ಅಂಗಳದಲ್ಲಿ ಸಿಲಿಂಡರಿನ ಪಕ್ಕದಲ್ಲಿ ನಿಂತಿದ್ದರು. ಒಳಗೆ ಬರಬಹುದೇ ಬಾರದೇ ಎಂದು ಅವರಿಗೆ ತಿಳಿಯಲಿಲ್ಲ, ಕೇಳಲು ಯಾರೂ ಸಿಗಲಿಲ್ಲ.

ಸಾಂತವ್ವನ ಸೂತಕ ಮುಗಿಯುವ ಮೊದಲೇ ಹೀಗೆ ತಿಪ್ಪಣ್ಣನ ಸೂತಕ ಕೂಡಿತು. ಮಗ್ಗಗಳು ನಿಂತೇ ಇದ್ದವು. ಕರಣಿಕನ ವಾರದ ಲೆಕ್ಕ ಮತ್ತೆ ಬಂತು.

ಅಂದು ಮುಂಜಾನೆ ನೀಲವ್ವನ ಮನೆಯಲ್ಲಿ ಹೆಂಗಸರು ಗೋಡೆಗೊರಗಿ ಕುಳಿತಿದ್ದರು. ಮೂಲೆಯಲ್ಲಿದ್ದ ಫೋನು ಸದ್ದು ಮಾಡಿತು. ನೀಲವ್ವನೇ ಎತ್ತಿಕೊಂಡಳು.

“ನಮಸ್ಕಾರ ತಾಯೀ. ನಿಮ್ಮ ಮಗ್ಗ ನಿಂತಿದೆ. ಓಣಿಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ?”

“ಹೂಂ,” ಎಂದಳು ನೀಲವ್ವ.

“ಅವರ ಹೆಸರನ್ನು ಹೇಳುವಿರಾ?”

ಬನಶಂಕರಿಗೆ ತಿಳಿಯಿತು: ಮತ್ತೆ ಒಂದು ಸಾಲು ಬಿಟ್ಟಿದ್ದಳು. ಹೆಂಡತಿಯ ಬಾಯಿಂದ ಗಂಡನ ಹೆಸರು ಬಾರದು ಎಂಬುದು ಓಣಿಯಲ್ಲಿ ತೊದಲುವ ಮಕ್ಕಳಿಗೂ ಗೊತ್ತು. ಅದಕ್ಕೇ ಅವಳು ಬರೆದಿರಲಿಲ್ಲ. ಉತ್ತರ ಬಾರದಿದ್ದರೆ ಕರಣಿಕ ಅದನ್ನು ಏನೆಂದು ಓದುತ್ತಾನೋ ಯಾರು ಬಲ್ಲರು.

“ಅವರ ಹೆಸರನ್ನು ಹೇಳುವಿರಾ, ತಾಯೀ?” ಕರಣಿಕ ಅದೇ ವಿನಯದಿಂದ ಇನ್ನೊಮ್ಮೆ ಕೇಳಿದ.

ಬನಶಂಕರಿ ಎದ್ದು ಬಂದು, “ಕೊಡ ಅತ್ತಿ, ನಾನ ಹೇಳ್ತೀನಿ,” ಎಂದು ಕೈ ಚಾಚಿದಳು.

ನೀಲವ್ವ ಫೋನು ಕೊಡಲಿಲ್ಲ. ಬಾಯಿಗೆ ಬಂದಿದ್ದ ಸೆರಗನ್ನು ಸರಿಸಿದಳು. ಎದುರಿಗೆ ಹಾಸು ಹಾಸಿಟ್ಟ ಮಗ್ಗವಿತ್ತು, ಅದರ ಪಕ್ಕದ ಗೋಡೆಯಲ್ಲಿ ಒರಗಿ ಒರಗಿ ಸುಣ್ಣ ಸವೆದ ಜಾಗವಿತ್ತು. ಅದನ್ನೇ ನೋಡುತ್ತ, ಅಂಗಳದಾಚೆಗೂ ಕೇಳುವಂತೆ ಹೇಳಿದಳು.

“ತಿಪ್ಪಣ್ಣ. ತಿಪ್ಪಣ್ಣ ಅಂತ ಬರ್ಕೊಳ್ಳಪಾ.”

ಗೋಡೆಗೊರಗಿದ್ದ ಹೆಂಗಸರು ತಲೆ ತಗ್ಗಿಸಿದರು. ಅವರಲ್ಲಿ ಯಾರೂ ಆ ಹೆಸರನ್ನು ಆ ದನಿಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ, ಆ ಹೆಸರು ಹೊತ್ತವನೂ ಕೇಳಿರಲಿಲ್ಲ.